ಇಟಲಿಯ ಗುಡ್ಡದ ಊರಿನಲ್ಲಿ ನೆಲೆಸುವುದು: ಊರು ಆರಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಧ್ಯ ಇಟಲಿಯಲ್ಲಿ, ಅದರಲ್ಲೂ ಉಂಬ್ರಿಯಾ ಮತ್ತು ಅದರ ಅಕ್ಕಪಕ್ಕದಲ್ಲಿ, ಒಂದು ಚಿಕ್ಕ ಊರು ನೋಡಿಕೊಂಡು ಇದ್ದುಬಿಡಬೇಕು ಎನ್ನುವವರಿಗೆ ಈ ಪುಟ. ವಾರದ ಪ್ರವಾಸಕ್ಕೆ ಹೋಗುವವರಿಗೆ ಇದರಲ್ಲಿ ಜಾಸ್ತಿ ಏನೂ ಸಿಗುವುದಿಲ್ಲ. ವೀಸಾ ಮತ್ತು ತೆರಿಗೆಯ ನಿಯಮಗಳು ಆಗಾಗ ಬದಲಾಗುತ್ತವೆ. ಹಣ ಕಟ್ಟುವ ಮುಂಚೆ ಆ ವರ್ಷದ ನಿಯಮ ಕೇಳಿಕೊಳ್ಳಿ.

ಇಟಲಿಯವರು ಊರನ್ನು ಗುಡ್ಡದ ತುದಿಯಲ್ಲಿ ಯಾಕೆ ಕಟ್ಟಿದರು? ಈಗ ಅದನ್ನು ತಿಳಿದು ಏನು ಪ್ರಯೋಜನ?

ಮೇಲಿದ್ದರೆ ಶತ್ರು ದೂರದಿಂದಲೇ ಕಾಣುತ್ತಿದ್ದ. ಕೆಳಗಿನ ಬಯಲಿನಲ್ಲಿ ಬಹಳ ಕಡೆ ಜೌಗು ಇತ್ತು, ಮಲೇರಿಯಾ ಇತ್ತು. ಹಾಗಾಗಿ ಜನ ಮೇಲೇರಿದರು, ಸುತ್ತ ಗೋಡೆ ಕಟ್ಟಿಕೊಂಡರು. ಆದರೆ ಮೇಲೆ ನೀರಿನದೇ ಕಷ್ಟ. 1527ರಲ್ಲಿ ರೋಮ್ ಲೂಟಿಯಾದಾಗ ಪೋಪ್ ಏಳನೇ ಕ್ಲೆಮೆಂಟ್ ಒರ್ವಿಯೆತೊಗೆ ಬಂದು ಸೇರಿಕೊಂಡರು. ಮುತ್ತಿಗೆ ಬಿದ್ದರೆ ನೀರಿಲ್ಲದಂತಾಗಬಾರದು ಎಂದು 50 ಮೀಟರಿಗೂ ಆಳದ ಬಾವಿ ತೋಡಿಸಿದರು. ನೀರು ಹೊರುವ ಪ್ರಾಣಿಗಳು ಒಂದು ಸುರುಳಿ ದಾರಿಯಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿ ಬರುತ್ತಿದ್ದವು. ಆ ಬಾವಿ ಈಗಲೂ ಇದೆ, ಇಳಿದು ನೋಡಬಹುದು.

ಇಪ್ಪತ್ತನೇ ಶತಮಾನದಲ್ಲಿ ಈ ಕಾರಣಗಳೆಲ್ಲ ಹೋದವು, ಜನ ಕೆಳಗಿಳಿದರು. ರೈಲು ನಿಲ್ದಾಣ, ಸೂಪರ್‌ಮಾರ್ಕೆಟ್, ಹೊಸ ಮನೆಗಳೆಲ್ಲ ಕೆಳಗೇ ಬಂದವು. ಹಾಗಾಗಿ ಈಗ ಬಹಳಷ್ಟು ಗುಡ್ಡದ ಊರುಗಳು ನಿಜಕ್ಕೂ ಎರಡೆರಡು ಊರುಗಳು: ಮೇಲಿನದೊಂದು, ಕೆಳಗಿನದೊಂದು. ಕೊರ್ತೋನಾವನ್ನೇ ನೋಡಿ. ಅದರ ಕೊಮೂನೆಯಲ್ಲಿ, ಅಂದರೆ ಪುರಸಭೆ ವ್ಯಾಪ್ತಿಯಲ್ಲಿ, ಸುಮಾರು 20 ಸಾವಿರ ಜನ ಇದ್ದಾರೆ. ಅವರಲ್ಲಿ ಬಹುಪಾಲು ಇರುವುದು ಕೆಳಗಿನ ಕಮೂಚಿಯಾ ಮತ್ತು ಸುತ್ತಲಿನ ಹಳ್ಳಿಗಳಲ್ಲಿ. ಕಲ್ಲಿನ ಗೋಡೆಯೊಳಗಿನ ಹಳೇ ಊರಿನಲ್ಲಿ ಸ್ವಲ್ಪವೇ ಜನ. ಒಂದು ಊರಿನ ಜನಸಂಖ್ಯೆ ಓದಿದಾಗ ಮೊದಲು ಕೇಳಬೇಕಾದ್ದು ಇದನ್ನೇ: ಮೇಲೆ ಎಷ್ಟು ಜನ, ಕೆಳಗೆ ಎಷ್ಟು ಜನ?

ಚಂದದ ಊರು ಆರಿಸಿಕೊಂಡರೆ ಸಾಲದೆ?

ಸಾಲದು. ಇಟಲಿಯಲ್ಲಿ ಚಂದದ ಊರಿಗೆ ಬರವಿಲ್ಲ. ಜನ ವರ್ಷವಿಡೀ ಬದುಕುತ್ತಿರುವ ಊರು ಹುಡುಕುವುದೇ ಕಷ್ಟದ ಕೆಲಸ.

ಚಿವಿತಾ ದಿ ಬಾನ್ಯೊರೆಜೊ ಫೋಟೋ ನೀವು ನೋಡಿರುತ್ತೀರಿ. ಜೇಡಿಮಣ್ಣಿನ ಮೇಲೆ ಕೂತ ಮೃದು ಕಲ್ಲಿನ ದಿಬ್ಬ, ಒಂದು ಕಾಲುಸೇತುವೆ, ಅದರಾಚೆ ಊರು. ಆ ದಿಬ್ಬ ಕುಸಿಯುತ್ತಲೇ ಇದೆ. ಅಲ್ಲಿ ವರ್ಷವಿಡೀ ಇರುವವರು ಬೆರಳೆಣಿಕೆಯಷ್ಟು ಮಂದಿ. 2013ರಿಂದ ಒಳಗೆ ಹೋಗಲು ಟಿಕೆಟ್ ಇಟ್ಟಿದ್ದಾರೆ. ನೋಡಲೇಬೇಕಾದ ಜಾಗ, ನಿಜ. ಆದರೆ ಹಾಲು ಮುಗಿದರೆ ಸೇತುವೆ ದಾಟಿ ಹೋಗಬೇಕಾದ ಕಡೆ ಸಂಸಾರ ಹೂಡುವುದು ಬೇರೆ ಮಾತು.

ಸಾನ್ ಜಿಮಿನ್ಯಾನೊ ಕಥೆ ಬೇರೆ. ಅಲ್ಲಿ ಜನ ಇದ್ದಾರೆ, ಆದರೆ ಹಗಲು ಹೊತ್ತು ಮುಖ್ಯ ಬೀದಿ ಪೂರ್ತಿ ಪ್ರವಾಸಿಗಳದು. ತರಕಾರಿ ಅಂಗಡಿ ಇರಬೇಕಾದಲ್ಲಿ ಕಾಣಿಕೆ ವಸ್ತುಗಳ ಅಂಗಡಿ ಇರುತ್ತದೆ. ಒಂದು ಊರು ಸಾಯುವುದಕ್ಕೆ ಎರಡು ದಾರಿ ಇವೆ: ಜನ ಬಿಟ್ಟುಹೋಗುವುದು, ಇಲ್ಲವೇ ಹೊರಗಿನವರು ತುಂಬಿ ಅಲ್ಲಿಯವರಿಗೇ ಬಾಡಿಗೆ ಮನೆ ಸಿಗದಂತಾಗುವುದು. ನಾವು ಹೊರಗಿನಿಂದ ಹೋಗಿ ನೆಲೆಸುವವರು. ಎರಡನೆಯದಕ್ಕೆ ನಾವೂ ಕಾರಣರಾಗಬಹುದು ಎನ್ನುವುದು ತಲೆಯಲ್ಲಿರಲಿ.

ಊರಿನಲ್ಲಿ ಜೀವ ಇದೆಯೋ ಇಲ್ಲವೋ ಎಂದು ಹೇಗೆ ತಿಳಿಯುವುದು?

ಮೊದಲು ಪ್ರಾಥಮಿಕ ಶಾಲೆ ನೋಡಿ. ಮೇಲಿನ ಊರಿನಲ್ಲೇ ಶಾಲೆ ನಡೆಯುತ್ತಿದ್ದರೆ ಅಲ್ಲಿ ಎಳೆಯ ಸಂಸಾರಗಳಿವೆ ಎಂದರ್ಥ. ಬೇರೆಬೇರೆ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಪಾಠ ಮಾಡುತ್ತಿದ್ದರೆ ಮಕ್ಕಳು ಕಡಿಮೆಯಾಗುತ್ತಿದ್ದಾರೆ ಎಂದು ತಿಳಿಯಿರಿ. ಆಮೇಲೆ ಔಷಧಿ ಅಂಗಡಿ, ಅಂಚೆ ಕಚೇರಿ, ಬ್ರೆಡ್ ಸುಡುವ ಬೇಕರಿ, ಹಾರ್ಡ್‌ವೇರ್ ಅಂಗಡಿ ನೋಡಿ. ಹಾರ್ಡ್‌ವೇರ್ ಅಂಗಡಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಪ್ರವಾಸಿಗಳನ್ನು ನಂಬಿ ಯಾರೂ ಮೊಳೆ, ಪೈಪು ಮಾರುವುದಿಲ್ಲ ಅಲ್ವಾ?

ಬೆಳಗ್ಗೆ ಏಳು ಗಂಟೆಗೆ ಬಾರ್‌ಗೆ ಹೋಗಿ. ಇಟಲಿಯಲ್ಲಿ ಬಾರ್ ಎಂದರೆ ಕಾಫಿ ಕುಡಿಯುವ ಜಾಗ. ಕೆಲಸಕ್ಕೆ ಹೊರಟವರು ನಿಂತುಕೊಂಡೇ ಕಾಫಿ ಕುಡಿದು ಹೋಗುತ್ತಿದ್ದರೆ ಒಳ್ಳೆಯ ಸೂಚನೆ. ಸಂತೆಯ ದಿನ ಯಾವುದು ಎಂದು ಕೇಳಿ, ಆ ದಿನ ಅಲ್ಲಿರಿ. ಸಂಜೆ ಎಷ್ಟು ಮನೆಗಳ ಕಿಟಕಿಯಲ್ಲಿ ಬೆಳಕಿದೆ ಎಂದು ಒಂದು ಸುತ್ತು ನಡೆದು ನೋಡಿ. ಕತ್ತಲಲ್ಲಿರುವ ಮನೆಗಳಲ್ಲಿ ಹಲವು ಬೇರೆ ಊರಿನವರ ರಜಾ ಮನೆಗಳು.

ಕೂತಲ್ಲೇ ನೋಡುವುದಾದರೆ ಸರ್ಕಾರದ ಅಂಕಿಅಂಶ ಸಂಸ್ಥೆ ಇಸ್ತಾತ್ ಪ್ರತಿ ಕೊಮೂನೆಯ ಜನಸಂಖ್ಯೆಯನ್ನು ವಯಸ್ಸಿನ ಪ್ರಕಾರ ಪ್ರಕಟಿಸುತ್ತದೆ. ಆಸ್ಪತ್ರೆ, ಹೈಸ್ಕೂಲು, ರೈಲು ನಿಲ್ದಾಣ ಇರುವ ನಗರದಿಂದ ಎಷ್ಟು ನಿಮಿಷ ದೂರ ಎಂಬ ಲೆಕ್ಕದಲ್ಲಿ ಕೊಮೂನೆಗಳನ್ನು ವಿಂಗಡಿಸಿದ ನಕ್ಷೆಯೂ ಸರ್ಕಾರದ ಬಳಿ ಇದೆ. 'ಒಳನಾಡು' ಯೋಜನೆಗಾಗಿ ಮಾಡಿದ್ದು ಅದು. ಯಾವ ಪ್ರವಾಸಿ ಪಟ್ಟಿಗಿಂತಲೂ ನಿಮಗೆ ಉಪಯೋಗವಾಗುವುದು ಅದೇ.

ಯಾವ ತಿಂಗಳಲ್ಲಿ ಹೋಗಿ ನೋಡಬೇಕು?

ಫೆಬ್ರವರಿ. ಅದೂ ವಾರದ ಮಧ್ಯೆ. ಮೇ ತಿಂಗಳಲ್ಲಿ ಹೋದರೆ ಯಾವ ಊರೂ ಇಷ್ಟವಾಗುತ್ತದೆ. ಚಳಿಗಾಲದಲ್ಲಿ ಮಂಜು ಕಣಿವೆ ತುಂಬಿಕೊಂಡಿರುತ್ತದೆ, ಮೇಲೆ ಗಾಳಿ ಬೀಸುತ್ತದೆ, ಹೋಟೆಲುಗಳು ಮುಚ್ಚಿರುತ್ತವೆ. ಆಗಲೂ ಆ ಬೀದಿಯಲ್ಲಿ ನಡೆಯಲು ಮನಸ್ಸಾದರೆ ಅದು ನಿಮ್ಮ ಊರು.

ಚಳಿಯ ಖರ್ಚೂ ಆಗಲೇ ಗೊತ್ತಾಗುವುದು. ಕಲ್ಲಿನ ಗೋಡೆ ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಥಂಡಿ. ಒಮ್ಮೆ ಆರಿದ ಮನೆ ಮತ್ತೆ ಬಿಸಿಯಾಗಲು ದಿನಗಳೇ ಬೇಕು. ಮನೆಗೆ ಪೈಪ್ ಗ್ಯಾಸ್ ಇದೆಯೋ, ಸಿಲಿಂಡರ್ ಟ್ಯಾಂಕೋ, ಮರದ ಪೆಲೆಟ್ ಉರಿಸುವ ಒಲೆಯೋ ಕೇಳಿ. ಪೆಲೆಟ್ ಒಲೆ ಅಗ್ಗ, ಆದರೆ 15 ಕಿಲೋ ಚೀಲಗಳನ್ನು ಮೂರನೇ ಮಹಡಿಗೆ ಹೊರುವವರು ಯಾರು ಎಂದು ಮೊದಲೇ ಯೋಚಿಸಿ. ಗೋಡೆಯ ಕೆಳಭಾಗ ಮುಟ್ಟಿ ನೋಡಿ. ಹೊಸದಾಗಿ ಸುಣ್ಣ ಹೊಡೆದಿದ್ದರೆ ಅದರ ಹಿಂದೆ ತೇವ ಇದೆಯಾ ಎಂದು ಅನುಮಾನ ಪಡುವುದು ತಪ್ಪಲ್ಲ.

ವಯಸ್ಸಾದ ಮೇಲೆ ಏರು, ಮೆಟ್ಟಿಲು ಆಗುತ್ತದೆಯೇ?

ಅದು ಯಾವ ಊರು ಎನ್ನುವುದರ ಮೇಲೆ ನಿಂತಿದೆ. ಉಂಬ್ರಿಯಾದವರು ಈ ಕಷ್ಟಕ್ಕೆ ತುಂಬಾ ಚೆನ್ನಾದ ಪರಿಹಾರಗಳನ್ನು ಕಂಡುಕೊಂಡಿದ್ದಾರೆ. ಒರ್ವಿಯೆತೊದಲ್ಲಿ ರೈಲಿಳಿದರೆ ಎದುರಿಗೇ ಹಗ್ಗದ ರೈಲು ಇದೆ, ಕೆಲವೇ ನಿಮಿಷದಲ್ಲಿ ಮೇಲೆ ಬಿಡುತ್ತದೆ. ಪೆರೂಜಾದಲ್ಲಿ ಹಳೇ ಕೋಟೆಯ ಹೊಟ್ಟೆಯೊಳಗಿಂದ ಎಸ್ಕಲೇಟರ್ ಹೋಗುತ್ತದೆ. ಸ್ಪೊಲೆತೊದಲ್ಲಿ ಗುಡ್ಡವನ್ನೇ ಕೊರೆದು ಎಸ್ಕಲೇಟರು, ಚಲಿಸುವ ನಡೆದಾರಿ ಹಾಕಿದ್ದಾರೆ. ಗುಬ್ಬಿಯೊದಲ್ಲಿ ಸಾರ್ವಜನಿಕ ಲಿಫ್ಟ್, ತೋದಿಯಲ್ಲಿ ಪಾರ್ಕಿಂಗ್‌ನಿಂದ ಮೇಲಕ್ಕೆ ಓರೆ ಲಿಫ್ಟ್ ಇದೆ.

ಅಷ್ಟಾದರೂ ಅವು ಮನೆ ಬಾಗಿಲಿಗೆ ಬಿಡುವುದಿಲ್ಲ. ಪಾರ್ಕಿಂಗ್‌ನಿಂದ ಮನೆಯವರೆಗೆ ಎರಡು ಕೈಯಲ್ಲೂ ಸಾಮಾನು ಹಿಡಿದು ಒಮ್ಮೆ ನಡೆಯಿರಿ. ಅರವತ್ತು ದಾಟಿದವರು ಮಲಗುವ ಕೋಣೆ ಮತ್ತು ಸ್ನಾನದ ಮನೆ ಒಂದೇ ಮಹಡಿಯಲ್ಲಿರುವ ಮನೆಯನ್ನೇ ನೋಡಲಿ. ಹಳೇ ಮನೆಗಳು ಸಾಮಾನ್ಯವಾಗಿ ಅಗಲ ಕಡಿಮೆ, ಎತ್ತರ ಜಾಸ್ತಿ.

ಕಾರು ಇಲ್ಲದೆ ಆಗುವುದಿಲ್ಲವೇ?

ರೈಲು ಇರುವ ಊರಿನಲ್ಲಿ ಆಗುತ್ತದೆ, ಬೇರೆ ಕಡೆ ಕಷ್ಟ. ಇದು ಭಾರತದಿಂದ ಹೋಗುವವರಿಗೆ ದೊಡ್ಡ ವಿಷಯ. ನಮ್ಮ ಡ್ರೈವಿಂಗ್ ಲೈಸೆನ್ಸನ್ನು ಇಟಲಿಯಲ್ಲಿ ಅಲ್ಲಿಯದಕ್ಕೆ ಬದಲಾಯಿಸಿ ಕೊಡುವುದಿಲ್ಲ. ನಿವಾಸಿಯಾಗಿ ನೋಂದಣಿಯಾದ ಒಂದು ವರ್ಷದ ನಂತರ ಅದು ಅಲ್ಲಿ ನಡೆಯುವುದಿಲ್ಲ. ಮೊದಲಿನಿಂದ ಪರೀಕ್ಷೆ ಕಟ್ಟಬೇಕು, ಲಿಖಿತ ಪರೀಕ್ಷೆ ಇಟಾಲಿಯನ್‌ನಲ್ಲಿ. ಮೂವತ್ತು ವರ್ಷ ಕಾರು ಓಡಿಸಿದವರಿಗೂ ಇದೇ ನಿಯಮ. ಹಾಗಾಗಿ ಮೊದಲ ಎರಡು ವರ್ಷಕ್ಕೆ ರೈಲು ಮಾರ್ಗದ ಊರನ್ನೇ ಹಿಡಿಯಿರಿ ಎನ್ನುವುದು ನನ್ನ ಗಟ್ಟಿಯಾದ ಸಲಹೆ. ಒರ್ವಿಯೆತೊ, ಸ್ಪೊಲೆತೊ, ಸ್ಪೆಲ್ಲೊ, ಅಸ್ಸೀಸಿ ಎಲ್ಲಕ್ಕೂ ನಿಲ್ದಾಣ ಇದೆ.

ಕಾರು ಇದ್ದವರಿಗೆ ಒಂದು ಎಚ್ಚರಿಕೆ: ಹಳೇ ಊರಿನ ಬಾಗಿಲಲ್ಲಿ 'ಜೋನಾ ಎ ತ್ರಾಫಿಕೊ ಲಿಮಿತಾತೊ', ಅಂದರೆ ವಾಹನ ನಿರ್ಬಂಧಿತ ಪ್ರದೇಶ, ಎಂದು ಬರೆದಿದ್ದರೆ ಪರವಾನಗಿ ಇಲ್ಲದೆ ಒಳಗೆ ಹೋಗಬೇಡಿ. ಕ್ಯಾಮೆರಾ ಇರುತ್ತದೆ, ದಂಡ ಮನೆಗೆ ಬರುತ್ತದೆ.

ಭೂಕಂಪದ ಭಯ ಎಷ್ಟು ನಿಜ?

ಪೂರ್ತಿ ನಿಜ. ಇಟಲಿಯ ಬೆನ್ನೆಲುಬಿನಂತಿರುವ ಅಪೆನ್ನೈನ್ ಬೆಟ್ಟಸಾಲು ಇನ್ನೂ ಹಿಗ್ಗುತ್ತಿರುವ, ಬಿರುಕು ಬಿಡುತ್ತಿರುವ ನೆಲ. 2009ರ ಏಪ್ರಿಲ್ 6ರಂದು ಲಾಕ್ವಿಲಾದಲ್ಲಿ 309 ಜನ ಸತ್ತರು. 2016ರ ಆಗಸ್ಟ್ 24ರಂದು ಅಮಾತ್ರಿಚೆ ಊರಿನ ಹಳೇ ಭಾಗ ನೆಲಸಮವಾಯಿತು. ಅದೇ ವರ್ಷ ಅಕ್ಟೋಬರ್ 30ರಂದು 6.5 ತೀವ್ರತೆಯ ಕಂಪನದಲ್ಲಿ ನೋರ್ಚಾದ ಸಂತ ಬೆನೆಡಿಕ್ಟರ ಚರ್ಚು ಮುಂಭಾಗದ ಗೋಡೆಯನ್ನಷ್ಟೇ ಉಳಿಸಿಕೊಂಡು ಕುಸಿಯಿತು. ವಿಶ್ವವಿದ್ಯಾಲಯವಿರುವ ಕಮೆರಿನೊದಂಥ ಊರಿನ ಹಳೇ ಭಾಗ ವರ್ಷಗಟ್ಟಲೆ ಮುಚ್ಚಿತ್ತು.

ಇಟಲಿಯಲ್ಲಿ ಪ್ರತಿ ಕೊಮೂನೆಗೂ 1ರಿಂದ 4ರವರೆಗೆ ಭೂಕಂಪ ವಲಯದ ಸಂಖ್ಯೆ ಇದೆ. 1 ಅತಿ ಅಪಾಯದ್ದು. ಊರು ಇಷ್ಟವಾದ ಕೂಡಲೇ ಈ ಸಂಖ್ಯೆ ನೋಡಿ. ಆದರೆ ಸಂಖ್ಯೆಯಷ್ಟೇ ಮುಖ್ಯ ಮನೆ. ಗೋಡೆಗಳನ್ನು ಕಬ್ಬಿಣದ ಸರಳಿನಿಂದ ಬಿಗಿದಿದ್ದಾರಾ, ಹಳೇ ಕಲ್ಲುಗೋಡೆಯ ಮೇಲೆ ಭಾರದ ಕಾಂಕ್ರೀಟ್ ತಾರಸಿ ಹೇರಿದ್ದಾರಾ ಎಂದು ಎಂಜಿನಿಯರ್ ಹತ್ತಿರ ನೋಡಿಸಿ. ಎರಡನೆಯದು ಕಂಡರೆ ಬಿಟ್ಟುಬಿಡಿ. ಭೂಕುಸಿತವನ್ನೂ ಕೇಳಿ. ದಕ್ಷಿಣದ ಬಸಿಲಿಕಾತಾದಲ್ಲಿ ಕ್ರಾಕೊ ಎಂಬ ಊರನ್ನು 1963ರ ಕುಸಿತದ ನಂತರ ಜನ ಬಿಟ್ಟುಹೋದರು, ಈಗಲೂ ಖಾಲಿ ನಿಂತಿದೆ.

ಒಂದು ಯೂರೋಗೆ ಮನೆ ಕೊಡುತ್ತಾರಂತೆ, ಹೌದಾ?

ಹೌದು, ಸುಳ್ಳಲ್ಲ. ಸಿಸಿಲಿಯ ಗಾಂಜಿ, ಸಂಬೂಕಾ, ಮುಸ್ಸೊಮೆಲಿ ಊರುಗಳು ಇದರಿಂದಲೇ ಹೆಸರಾದವು. ಆದರೆ ಮನೆ ಎಂದರೆ ಬಹುತೇಕ ಗೋಡೆ ಮಾತ್ರ. ಸಾಮಾನ್ಯವಾಗಿ ಕೊಮೂನೆಗೆ ಸುಮಾರು 5,000 ಯೂರೋ ಠೇವಣಿ ಇಡಬೇಕು, ಮೂರು ವರ್ಷದೊಳಗೆ ದುರಸ್ತಿ ಮುಗಿಸಬೇಕು, ಇಲ್ಲವಾದರೆ ಠೇವಣಿ ಹೋಗುತ್ತದೆ. ದುರಸ್ತಿಗೆ ಹತ್ತಾರು ಸಾವಿರ ಯೂರೋ ಬೇಕು. ದೂರದಲ್ಲಿ ಕೂತು, ಭಾಷೆ ಬಾರದೆ ಗಾರೆ ಕೆಲಸ ಮಾಡಿಸುವುದು ಬಹಳ ಕಷ್ಟ. ಅದೇ ಊರಿನಲ್ಲಿ ನೇರವಾಗಿ ವಾಸ ಮಾಡಬಹುದಾದ ಮನೆ ಕಡಿಮೆ ಬೆಲೆಗೆ ಸಿಗುತ್ತದೆ. ಅದನ್ನೇ ನೋಡಿ.

ಬಾಡಿಗೆಗೆ ಇರಲೋ, ಕೊಂಡುಕೊಳ್ಳಲೋ?

ಒಂದು ಪೂರ್ತಿ ಚಳಿಗಾಲ ಬಾಡಿಗೆಗೆ ಇರಿ. ಹದಿನೆಂಟು ತಿಂಗಳವರೆಗಿನ ತಾತ್ಕಾಲಿಕ ಕರಾರು ಇದೆ. ಮಾಮೂಲಿ ಕರಾರು ನಾಲ್ಕು ವರ್ಷ, ಮೇಲೆ ಇನ್ನೂ ನಾಲ್ಕು. ಕರಾರು ಯಾವುದೇ ಇರಲಿ, ಅದು ತೆರಿಗೆ ಇಲಾಖೆಯಲ್ಲಿ ನೋಂದಣಿಯಾಗಲೇಬೇಕು. ನೋಂದಣಿ ಬೇಡ, ಬಾಡಿಗೆ ಕಮ್ಮಿ ಮಾಡುತ್ತೇನೆ ಎಂದರೆ ಒಪ್ಪಬೇಡಿ. ನೋಂದಣಿಯಾದ ಕಾಗದವಿಲ್ಲದೆ ನಿಮ್ಮ ವೀಸಾ, ನಿವಾಸ, ಆರೋಗ್ಯ ಕಾರ್ಡು ಎಲ್ಲಕ್ಕೂ ತೊಡಕು.

ಕೊಳ್ಳುವುದಾದರೆ ಕ್ರಮ ಹೇಗೆ?

ಮೊದಲು ಕೋದಿಚೆ ಫಿಸ್ಕಾಲೆ ಎಂಬ ತೆರಿಗೆ ಸಂಖ್ಯೆ ಮಾಡಿಸಿ. ಆಮೇಲೆ ಬೆಲೆ ಒಪ್ಪಂದ, ನಂತರ ಮುಂಗಡ ಕರಾರು. ಮುಂಗಡ ಕೊಟ್ಟು ನೀವು ಹಿಂದೆ ಸರಿದರೆ ಆ ಹಣ ಹೋಯಿತು. ಮಾರುವವರು ಸರಿದರೆ ಎರಡರಷ್ಟು ಕೊಡಬೇಕು. ಕೊನೆಗೆ ನೋಟಾಯೊ ಎದುರು ಕ್ರಯಪತ್ರ. ಈ ನೋಟಾಯೊ ನಮ್ಮ ನೋಟರಿಯಂತಲ್ಲ. ದಾಖಲೆಯೆಲ್ಲ ಪರಿಶೀಲಿಸಿ, ತೆರಿಗೆ ಕಟ್ಟಿಸಿಕೊಂಡು, ನೋಂದಣಿ ಮಾಡಿಸುವ ಸರ್ಕಾರಿ ಅಧಿಕಾರ ಉಳ್ಳವರು. ಅವರನ್ನು ಆರಿಸುವ ಹಕ್ಕು ಸಾಮಾನ್ಯವಾಗಿ ಕೊಳ್ಳುವವರದು.

ಖಾಸಗಿಯವರಿಂದ ಕೊಂಡರೆ ನೋಂದಣಿ ತೆರಿಗೆ ಮೊದಲ ಮನೆಗೆ 2%, ಉಳಿದವಕ್ಕೆ 9%. ಅದೂ ಸರ್ಕಾರಿ ದಾಖಲೆಯ ಬೆಲೆಯ ಮೇಲೆ, ಅದು ಮಾರುಕಟ್ಟೆ ಬೆಲೆಗಿಂತ ಕಡಿಮೆ ಇರುತ್ತದೆ. 2% ಸಿಗಬೇಕಾದರೆ 18 ತಿಂಗಳೊಳಗೆ ಆ ಕೊಮೂನೆಯ ನಿವಾಸಿ ಆಗಬೇಕು. ಏಜೆಂಟರ ಕಮಿಷನ್ ಕೊಳ್ಳುವವರೂ ಕೊಡಬೇಕು, ಸಾಮಾನ್ಯವಾಗಿ 3% ಆಸುಪಾಸು.

ಮುಂಗಡಕ್ಕೂ ಮುಂಚೆ ಒಬ್ಬ ಜೆಯೋಮೆತ್ರಾ ಹಿಡಿಯಿರಿ. ಇವರು ಸರ್ವೆ ಮತ್ತು ಕಟ್ಟಡದ ದಾಖಲೆ ನೋಡುವವರು. ಹಳೇ ಮನೆಗಳಲ್ಲಿ ಅನುಮತಿ ಇಲ್ಲದೆ ಎಬ್ಬಿಸಿದ ಗೋಡೆ, ಕೂಡಿಸಿದ ಸ್ನಾನದ ಮನೆ ಸಾಮಾನ್ಯ. ಇನ್ನೊಂದು ತೊಡಕು ವಾರಸುದಾರರು. ಅಜ್ಜನ ಮನೆಗೆ ಹನ್ನೆರಡು ಮೊಮ್ಮಕ್ಕಳು, ಅದರಲ್ಲಿ ಮೂವರು ಅರ್ಜೆಂಟೀನಾದಲ್ಲಿ. ಎಲ್ಲರ ಸಹಿ ಬೇಕು. ಹಿರಿಯರ ಆಸ್ತಿ ಮಾರಿದ ಅನುಭವ ಇರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯ ಜೊತೆ ಹೊಲವೂ ಇದ್ದರೆ ಪಕ್ಕದ ರೈತರಿಗೆ ಮೊದಲು ಕೊಳ್ಳುವ ಹಕ್ಕು ಇರಬಹುದು. ಅದನ್ನೂ ಕೇಳಿಕೊಳ್ಳಿ.

ಭಾರತದ ಪಾಸ್‌ಪೋರ್ಟ್ ಇದ್ದವರು ಅಲ್ಲಿ ಮನೆ ಕೊಳ್ಳಬಹುದೇ?

ಇಲ್ಲಿ ಹುಷಾರಾಗಿರಬೇಕು. ಯುರೋಪ್ ಒಕ್ಕೂಟದ ಹೊರಗಿನವರಿಗೆ ಇಟಲಿ ಕೊಡುಕೊಳ್ಳುವ ನಿಯಮ ಇಟ್ಟಿದೆ: ನಿಮ್ಮ ದೇಶ ನಮ್ಮವರಿಗೆ ಕೊಡುವ ಹಕ್ಕನ್ನು ನಾವೂ ನಿಮಗೆ ಕೊಡುತ್ತೇವೆ ಎಂದು. ಭಾರತದಲ್ಲಿ ವಾಸವಿಲ್ಲದ ವಿದೇಶಿಯರು ಇಲ್ಲಿ ಆಸ್ತಿ ಕೊಳ್ಳಲು ನಿರ್ಬಂಧ ಇದೆ. ಹಾಗಾಗಿ ಅದರ ಪರಿಣಾಮ ನಮ್ಮ ಮೇಲೂ ಬರುತ್ತದೆ. ಉದ್ಯೋಗ, ಕುಟುಂಬದಂಥ ಕೆಲವು ಬಗೆಯ ವಾಸದ ಪರವಾನಗಿ ಇದ್ದವರಿಗೆ ಈ ನಿಯಮದಿಂದ ವಿನಾಯಿತಿ ಇದೆ. ನಿಮ್ಮ ಪರವಾನಗಿ ಯಾವುದು ಎಂದು ನೋಟಾಯೊಗೆ ತೋರಿಸಿ, ಲಿಖಿತ ಉತ್ತರ ಪಡೆದ ಮೇಲೆಯೇ ಮುಂಗಡ ಕೊಡಿ. ಭಾರತದಿಂದ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಮಿತಿ ಒಬ್ಬರಿಗೆ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್.

ಯಾವ ವೀಸಾ ಸಿಗುತ್ತದೆ?

ದುಡಿಯದೆ ಇರುವವರಿಗೆ 'ರೆಸಿದೆಂಜಾ ಎಲೆತ್ತಿವಾ'. ಪಿಂಚಣಿ, ಬಾಡಿಗೆ, ಬಡ್ಡಿಯಂಥ ಆದಾಯ ವರ್ಷಕ್ಕೆ ಒಬ್ಬರಿಗೆ ಸುಮಾರು 31,000 ಯೂರೋ ತೋರಿಸಬೇಕು, ಗಂಡ ಅಥವಾ ಹೆಂಡತಿ ಜೊತೆಗಿದ್ದರೆ ಇನ್ನೂ ಹೆಚ್ಚು. ಇದರಲ್ಲಿ ಕೆಲಸ ಮಾಡುವಂತಿಲ್ಲ. ಮನೆಯ ಕಾಗದವನ್ನು ಅರ್ಜಿಯ ಜೊತೆಗೇ ಕೊಡಬೇಕು. ಅಂದರೆ ವೀಸಾಕ್ಕೆ ಮುಂಚೆಯೇ ಬಾಡಿಗೆ ಕರಾರು ಆಗಿರಬೇಕು. ಆನ್‌ಲೈನ್‌ನಲ್ಲಿ ಬೇರೆ ದೇಶಕ್ಕೆ ಕೆಲಸ ಮಾಡುವ ನುರಿತವರಿಗೆ 2024ರಿಂದ ಬೇರೆ ವೀಸಾ ಇದೆ. ಬೆಂಗಳೂರಿನ ಐಟಿ ಜನಕ್ಕೆ ಅದು ಹೊಂದುತ್ತದೆ, ಆದರೆ ಕಂಪನಿ ಒಪ್ಪಬೇಕು.

ಇಳಿದ ಎಂಟು ಕೆಲಸದ ದಿನಗಳೊಳಗೆ ಅಂಚೆ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಜರ್ಮನಿ, ಐರ್ಲೆಂಡ್ ಪೌರತ್ವ ಪಡೆದ ಕನ್ನಡಿಗರಿಗೆ ಇದ್ಯಾವುದೂ ಬೇಡ. ಬರೀ ಅಲ್ಲಿನ ವಾಸದ ಕಾರ್ಡು ಇದ್ದರೆ ಸಾಲದು.

ತೆರಿಗೆ?

ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ದಿನ ಅಲ್ಲೇ ಇದ್ದರೆ ಜಗತ್ತಿನ ಎಲ್ಲಾ ಆದಾಯವೂ ಅವರ ಲೆಕ್ಕಕ್ಕೆ ಬರುತ್ತದೆ. ಹೊರದೇಶದಲ್ಲಿರುವ ಮನೆಗೂ ವರ್ಷಕ್ಕೆ 1.06% ತೆರಿಗೆ ಇದೆ. ಜಯನಗರದಲ್ಲೊಂದು ಮನೆ ಇದ್ದರೆ ಇದು ಸಣ್ಣ ಮೊತ್ತವಲ್ಲ. ವಿದೇಶಿ ಪಿಂಚಣಿದಾರರಿಗೆ 2019ರಿಂದ ಒಂದು ಒಳ್ಳೆಯ ದಾರಿ ಇದೆ: ದಕ್ಷಿಣದ ಪ್ರಾಂತ್ಯಗಳ ಮತ್ತು 2016ರ ಭೂಕಂಪದ ಪ್ರದೇಶದ ಚಿಕ್ಕ ಊರುಗಳಲ್ಲಿ ನೆಲೆಸಿದರೆ ಹೊರದೇಶದ ಆದಾಯಕ್ಕೆ 7% ಮಾತ್ರ, ಹತ್ತು ವರ್ಷದವರೆಗೆ, ಮೇಲೆ ಹೇಳಿದ ಮನೆ ತೆರಿಗೆಯೂ ಇಲ್ಲ. ಅಬ್ರುಜ್ಜೊ, ಮೊಲೀಸೆ ಇದರಲ್ಲಿ ಸೇರುತ್ತವೆ, ಟಸ್ಕನಿ ಸೇರುವುದಿಲ್ಲ.

ಆಸ್ಪತ್ರೆಗೆ ಏನು ಮಾಡುವುದು?

ಸರ್ಕಾರಿ ಆರೋಗ್ಯ ವ್ಯವಸ್ಥೆಗೆ ಸೇರಬಹುದು. ರೆಸಿದೆಂಜಾ ಎಲೆತ್ತಿವಾದವರಿಗೆ 2024ರಿಂದ ಕನಿಷ್ಠ ಶುಲ್ಕ ವರ್ಷಕ್ಕೆ 2,000 ಯೂರೋ. ಸೇರಿದ ಮೇಲೆ ನಿಮ್ಮದೇ ಒಬ್ಬ ಕುಟುಂಬ ವೈದ್ಯರು ಸಿಗುತ್ತಾರೆ. ಆದರೆ ಆ ವೈದ್ಯರ ಪಟ್ಟಿಯಲ್ಲಿ ಜಾಗ ಇದೆಯಾ, ಅವರು ಊರಿಗೆ ವಾರಕ್ಕೆ ಎಷ್ಟು ದಿನ ಬರುತ್ತಾರೆ ಎಂದು ಮೊದಲೇ ಕೇಳಿ. ತುರ್ತು ಚಿಕಿತ್ಸಾ ವಿಭಾಗ ಇರುವ ಆಸ್ಪತ್ರೆ ಅರ್ಧ ಗಂಟೆಯೊಳಗೆ ಇರಬೇಕು. ಸ್ಪೆಲ್ಲೊ ಈ ವಿಷಯದಲ್ಲಿ ಅದೃಷ್ಟದ ಊರು, ಆಸ್ಪತ್ರೆ ಇರುವ ಫೊಲಿನ್ಯೊ ಪಕ್ಕದಲ್ಲೇ ಇದೆ.

ಸಸ್ಯಾಹಾರಿಗಳು ಬದುಕಬಹುದೇ?

ಆರಾಮಾಗಿ. ಉಂಬ್ರಿಯಾದಲ್ಲಿ ಕಡಲೆ, ಬೀನ್ಸ್, ಕಸ್ತೆಲ್ಲುಚ್ಚೊದ ಪುಟ್ಟ ಮಸೂರ್ ಬೇಳೆ ಎಲ್ಲ ಇದೆ. ಹೋಟೆಲಿನಲ್ಲಿ ಮಾತ್ರ ಬೇಳೆ ಸೂಪಿಗೆ ಹಂದಿಮಾಂಸದ ಚೂರು ಹಾಕುವ ರೂಢಿ ಇದೆ, ಕೇಳಿಯೇ ತಿನ್ನಿ. ಪಾರ್ಮೆಸಾನ್ ಗಿಣ್ಣಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಹೆಪ್ಪು ಬಳಸುತ್ತಾರೆ. ತೊಗರಿಬೇಳೆ, ಸಾಸಿವೆ, ಇಂಗು ಬೇಕಾದರೆ ಪೆರೂಜಾದಂಥ ನಗರದ ಏಷ್ಯನ್ ಅಂಗಡಿಗೆ ಹೋಗಬೇಕು. ಕರಿಬೇವಿನ ಗಿಡ ಚಳಿಗೆ ಒಳಗಿಟ್ಟರೆ ಬದುಕುತ್ತದೆ.

ಊರಿನವರು ನಮ್ಮನ್ನು ಸೇರಿಸಿಕೊಳ್ಳುತ್ತಾರಾ?

ಭಾಷೆ ಕಲಿತರೆ, ಹೌದು. ಕಲಿಯದಿದ್ದರೆ ನಗುಮುಖದ ನಮಸ್ಕಾರದಾಚೆ ಹೋಗುವುದಿಲ್ಲ. ಪೆರೂಜಾದಲ್ಲಿ ವಿದೇಶಿಯರಿಗೆಂದೇ 1921ರಿಂದ ವಿಶ್ವವಿದ್ಯಾಲಯ ಇದೆ. ವಯಸ್ಕರಿಗೆ ಸರ್ಕಾರಿ ಶಾಲೆಗಳಲ್ಲೂ ಬಹಳ ಕಮ್ಮಿ ಖರ್ಚಿನಲ್ಲಿ ಕಲಿಸುತ್ತಾರೆ. ಐದು ವರ್ಷದ ನಂತರ ದೀರ್ಘಾವಧಿ ಪರವಾನಗಿಗೂ ಭಾಷಾ ಪರೀಕ್ಷೆ ಬೇಕು.

ಜೊತೆಗೆ ಕೈ ಹಚ್ಚಿ. ಬಹುತೇಕ ಪ್ರತಿ ಊರಿನಲ್ಲೂ ಹಬ್ಬ ನಡೆಸುವ 'ಪ್ರೊ ಲೋಕೊ' ಸಂಘ ಇರುತ್ತದೆ. ಸ್ಪೆಲ್ಲೊದಲ್ಲಿ ಕೊರ್ಪುಸ್ ದೊಮಿನಿ ಎಂಬ ಕ್ರೈಸ್ತ ಹಬ್ಬದ ಹಿಂದಿನ ರಾತ್ರಿ ಊರಿಗೆ ಊರೇ ಕೂತು ಹೂವಿನ ಎಸಳಿನಲ್ಲಿ ಬೀದಿ ತುಂಬಾ ಚಿತ್ರ ಬಿಡಿಸುತ್ತದೆ. ಅದಕ್ಕೂ ವಾರಗಳ ಮುಂಚೆಯಿಂದ ಹೂ ಬಿಡಿಸಿ ಒಣಗಿಸುವ ಕೆಲಸ ಇರುತ್ತದೆ. ರಂಗೋಲಿ ಹಾಕಿ ಅಭ್ಯಾಸ ಇರುವ ನಮ್ಮ ಹೆಂಗಸರಿಗೆ ಅಲ್ಲಿ ಕೆಲಸ ಖಂಡಿತ ಇದೆ. ನವೆಂಬರ್‌ನಲ್ಲಿ ಆಲಿವ್ ಕೊಯ್ಲು. ನೆರೆಯವರ ತೋಟಕ್ಕೆ ಹೋಗಿ ಬಲೆ ಹಾಸಲು ನಿಂತರೆ ಸಂಜೆ ಊಟಕ್ಕೆ ಕರೆಯದೆ ಬಿಡುವುದಿಲ್ಲ.

ಕೊನೆಗೆ ಹೆಸರು ಹೇಳಿ. ಯಾವ ಊರು?

ಮೊದಲ ಸಲ ಹೋಗುವವರಿಗೆ ಒರ್ವಿಯೆತೊ. ರೋಮ್‌ಗೆ ನೇರ ರೈಲು, ಕೆಳಗಿನ ಊರಿನಲ್ಲೇ ಆಸ್ಪತ್ರೆ, ಚಳಿಗಾಲದಲ್ಲೂ ತೆರೆದ ಅಂಗಡಿಗಳು. ಪ್ರವಾಸಿಗಳು ಇದ್ದಾರೆ, ಆದರೆ ಸಂಜೆ ಹೊರಟುಬಿಡುತ್ತಾರೆ. ಇನ್ನೂ ಚಿಕ್ಕದು ಬೇಕೆಂದರೆ ಸ್ಪೆಲ್ಲೊ. ಓದುಬರಹ, ಎಳೆಯರ ಸಹವಾಸ ಬೇಕೆಂದರೆ ಮಾರ್ಕೆ ಪ್ರಾಂತ್ಯದ ಉರ್ಬಿನೊ, ಅಲ್ಲಿ ವಿದ್ಯಾರ್ಥಿಗಳೇ ತುಂಬಿದ್ದಾರೆ. ಆದರೆ ರೈಲಿಲ್ಲ, ಪೆಸಾರೊದಿಂದ ಬಸ್ಸು. ಪಿಂಚಣಿಯ ಲೆಕ್ಕಾಚಾರ ಮುಖ್ಯವಾದರೆ ಅಬ್ರುಜ್ಜೊದ ಊರುಗಳು, ಭೂಕಂಪದ ವಲಯ ನೋಡಿಕೊಂಡು. ಟಸ್ಕನಿಯ ಓರ್ಚಾ ಕಣಿವೆ ಎಲ್ಲರಿಗೂ ಇಷ್ಟ, ಬೆಲೆಯೂ ಹಾಗೇ ಇದೆ. ನಾನಾದರೆ ಆ ಹಣಕ್ಕೆ ಉಂಬ್ರಿಯಾದಲ್ಲಿ ನಿಲ್ದಾಣದ ಹತ್ತಿರ ದೊಡ್ಡ ಮನೆ ಹಿಡಿಯುತ್ತೇನೆ. ಎರಡು ಊರು ಆರಿಸಿಕೊಂಡು ಫೆಬ್ರವರಿಯಲ್ಲಿ ಎರಡೆರಡು ವಾರ ಬಾಡಿಗೆಗೆ ಇದ್ದು ಬನ್ನಿ.